ಚಾಡಿಗಿಡ

ನನ್ನ ಸಿಟ್ಟು ಮೂಗಿನ ತುದೀಗೇ ಇರತೈತಿ ಅಂತ ನಮ್ಮವ್ವ ಸಾಯೂತನಕ ಬೈದ್ಲು. ಬ್ಯಾಡಗಿಯೊಳಗ ಹುಟ್ಟಿದವಗ ಖಾರ ಇರಲಾರದ ಇನ್ನೇನು ಸಕ್ಕರಿ ಇರತೈತೇನು ಅಂತ ನಾ ಹಾರಿಸಿಬಿಡತಿದ್ದೆ. ಆದ್ರ ಆ ಸಿಟ್ಟಿನ್ಯಾಗ ನಾ ಮಾಡಿದ ಒಂದು ತಪ್ಪನ್ನ ಒಬ್ಬ ಹೆಣ್ಣುಮಗಳು ತನ್ನ ಕೆಲಸ ಕಳಕೊಂಡು ತಿದ್ದಿದ್ಲು. ಆಕಿ ಹೆಸರು ಮೆಹಬೂಬಿ. ಆಕೀ ಸುದ್ದಿ ಹೇಳಾಕ ಆಕೀಗೆ ಮಕ್ಕಳಿಲ್ಲ, ಮರಿ ಇಲ್ಲ. ಅದಕ್ಕ ನಾನ ಹೇಳಬೇಕು.

ನಾ ಸೋಮಣ್ಣ. ಹಾವೇರಿಯೊಳಗ ಸಸ್ಯಶಾಸ್ತ್ರ ಓದಿ, ಎರಡು ವರ್ಷ ನೌಕರಿ ಹುಡುಕಿ ಚಪ್ಪಲಿ ಸವೆಸಿ, ಕಡೀಕೆ ಎಂಬತ್ತೊಂಬತ್ತರಾಗ ರಾಣೆಬೆನ್ನೂರ ಹೊರಗಿನ ಒಂದು ಸಣ್ಣ ಬೀಜದ ಕಂಪನ್ಯಾಗ ಸೂಪರ್‌ವೈಜರ್ ಆದೆ. ಮಾಲಕರು ಅಂದಾನೆಪ್ಪನವರು. ಟೊಮೇಟೊ ಹೈಬ್ರಿಡ್ ಬೀಜ ಮಾಡೋದು ನಮ್ಮ ದಂಧೆ. ಕೆಲಸಕ್ಕ ಬರೋರು ಇಪ್ಪತ್ತೈದು ಮಂದಿ ಹೆಣ್ಣುಮಕ್ಕಳು. ಅವರಾಗ ಎಲ್ಲಾರಿಗಿಂತ ಮೊದಲಿಂದ ಇದ್ದಾಕಿ ಮೆಹಬೂಬಿ.

ಕ್ರಾಸಿಂಗ್ ಕೆಲಸ ಹೊರಗಿನವರಿಗೆ ಭಾಳ ಸಲೀಸು ಕಾಣತೈತಿ. ಕುಂತು ಮಾಡಿ ನೋಡ್ರಿ, ಆಮ್ಯಾಲೆ ಮಾತಾಡೂಣು. ಟೊಮೇಟೊ ಹೂವಿನ್ಯಾಗ ಗಂಡೂ ಹೆಣ್ಣೂ ಒಂದ ಮನಿಯೊಳಗ ಇರತಾವ. ನಾಳೆ ಅರಳೋ ಮೊಗ್ಗನ್ನ ಇವತ್ತ ಮಧ್ಯಾಹ್ನ ಆರಿಸಿ, ಚಿಮಟಾದಿಂದ ಬಿಡಿಸಿ, ಒಳಗಿನ ಗಂಡಿನ ಭಾಗ ಪೂರಾ ಕಿತ್ತ ತಗೀಬೇಕು. ಹೆಣ್ಣಿಗೆ ಪೆಟ್ಟಾಗಬಾರದು. ಮರುದಿನ ಮುಂಜಾನಿ ಬ್ಯಾರೆ ಜಾತಿ ಗಿಡದ ಪರಾಗ ತಂದು ಅದಕ್ಕ ಮುಟ್ಟಿಸಿ, ತೊಟ್ಟಿಗೆ ದಾರ ಕಟ್ಟಬೇಕು. ಗಂಡಿನ ಚೂರು ಒಳಗ ಉಳೀತು ಅಂದ್ರ ಹೂವು ತನ್ನಷ್ಟಕ್ಕ ತಾನ ಬೀಜ ಕಟ್ಟಿಕೊಂಡು ಕೂಡತೈತಿ. ಅಂಥಾ ಬೀಜ ಹೈಬ್ರಿಡ್ ಅಲ್ಲ, ನಮ್ಮ ಮರ್ಯಾದಿ ಕಳಿಯೋ ಬೀಜ.

ಬ್ಯಾರೆಯವರು ದಿನಕ್ಕ ಮುನ್ನೂರು ಹೂವು ಮಾಡಿದ್ರ ಮೆಹಬೂಬಿ ಆರುನೂರು ಮಾಡತಿದ್ಲು. ಅದೂ ಒಂದೂ ತಪ್ಪಲಾರದ. "ಮೆಹಬೂಬಕ್ಕ, ನಿಮ್ಮ ಕೈಯಾಗ ಏನ್ ಜಾದೂ ಐತ್ರಿ?" ಅಂದ್ರ, "ಜಾದೂ ಅಲ್ರಿ ಸೋಮಣ್ಣಾರ, ಮನ್ಯಾಗ ಮಾತಾಡಾಕ ಯಾರಿಲ್ಲ, ಹೊಲದಾಗ ಮಾತಾಡಾಕ ಪುರುಸೊತ್ತಿಲ್ಲ. ಹಿಂಗಾಗಿ ಹೂವು ಜಾಸ್ತಿ ಆಗತಾವ" ಅಂತಿದ್ಲು. ಹೇಳಿ ತಾನ ನಗತಿದ್ಲು. ನಾವೂ ನಗತಿದ್ವಿ. ಅದರಾಗ ನಗೋದೇನಿತ್ತು ಅಂತ ಈಗ ಅನಸತೈತಿ.

ಆಕಿ ಐರಣಿಯಾಕಿ. ಹದಿನಾರಕ್ಕ ಮದುವಿ ಆಗಿ ರಾಣೆಬೆನ್ನೂರಿಗೆ ಬಂದ್ಲು. ಗಂಡ ಹತ್ತಿ ಮಿಲ್ಲಿನ್ಯಾಗ ಹಮಾಲ. ನಾಕು ವರ್ಷಕ್ಕ ಜ್ವರ ಬಂದು ತೀರಿಕೊಂಡ. ಮೈದುನನ ಮನಿಯವರು ದಾವಣಗೇರಿಗೆ ಹೋಗೋವಾಗ, "ನೀನೂ ಬಾ, ಹುಡುಗ್ರನ ನೋಡಿಕೊಂಡು ಅಡಗಿ ಮಾಡಿಕೊಂಡು ಇರು" ಅಂದ್ರಂತ. "ನನ್ನ ಕೈಗೆ ಅಡಗಿಗಿಂತ ದೊಡ್ಡ ಕೆಲಸ ಬರತೈತಿ" ಅಂತ ಈಕಿ ಹೋಗಲಿಲ್ಲ. ಒಬ್ಬ ಟೇಲರನ ಮನಿ ಹಿಂದ ಒಂದು ಖೋಲಿ, ಮುಂದ ಚೂರು ಅಂಗಳ. ಇಪ್ಪತ್ತು ವರ್ಷ ಅಲ್ಲೇ. ಬಾಜೂ ಮನಿ ರೇಡಿಯೊ ಕೇಳಿಕೋತ ಊಟ ಮಾಡತಾಳ ಅಂತ ಯಾರೋ ಹೇಳಿದ್ರು. ರೇಡಿಯೊ ಕೆಟ್ಟ ದಿವಸ ಊಟ ರುಚಿ ಹತ್ತಲಿಲ್ಲ ಅಂತ ಆಕೀನ ಒಮ್ಮೆ ಅಂದಿದ್ಲು.

ತೊಂಬತ್ತೇಳರ ಮಳಿಗಾಲಕ್ಕ ಹೊಸ ತಳಿ ಬಂತು. ತಳಿ ಮಾಡೋ ಮೇಡಂ ಒಬ್ಬರು ಪ್ರಯೋಗಕ್ಕಂತ ಕೊಟ್ಟು ಹೋಗಿದ್ರು. ತಾಯಿಗಿಡಾನ ಹಳದಿ. ಉದ್ದಕ ಸೊರಗಿದಂಗ ಬೆಳೀತಿತ್ತು. ಇದಕ್ಕ ಹಸರು ಗಿಡದ ಪರಾಗ ಬಿದ್ರ ಹುಟ್ಟೋ ಸಸಿ ಎಲ್ಲಾ ಹಸರು. ಕೈ ತಪ್ಪಿ, ಗಂಡಿನ ಚೂರು ಉಳದು, ತನ್ನ ಪರಾಗ ತನಗ ಬಿದ್ರ ಸಸಿ ಹಳದಿ. ಅಂದ್ರ ಬೀಜ ಹಾಕಿ ಹತ್ತು ದಿವಸಕ್ಕ ಯಾರ ಕೈ ತಪ್ಪೇತಿ ಅಂತ ಸಸಿನ ಹೇಳಿಬಿಡತೈತಿ. ಹೆಣ್ಣುಮಕ್ಕಳು ಅವತ್ತ ಅದಕ್ಕ ಹೆಸರಿಟ್ರು, ಚಾಡಿಗಿಡ ಅಂತ. "ಅತ್ತಿ ಚಾಡಿ ಸಾಲದಂತ ಇನ್ನ ಗಿಡದ ಚಾಡಿ ಬ್ಯಾರೆ" ಅಂತ ಉಚ್ಚಂಗೆವ್ವ ಅಂದಾಗ ಹೊಲ ಎಲ್ಲಾ ನಕ್ಕಿತು.

ಉಚ್ಚಂಗೆವ್ವ ಆ ವರ್ಷ ಹೊಸದಾಗಿ ಬಂದಾಕಿ. ಹತ್ತೊಂಬತ್ತು ವಯಸ್ಸು, ದೇವರಗುಡ್ಡದ ಕಡೆ ತವರು, ಮದುವಿ ಆಗಿ ಆರು ತಿಂಗಳು. ಬಾಯಿ ಅಂದ್ರ ಬಾಯಿ. ಮುಂಜಾನಿ ಹೊಲಕ್ಕ ಕಾಲಿಟ್ರ ಸಂಜೀತನಕ ಮುಚ್ಚತಿದ್ದಿಲ್ಲ. ಆಕಿ ಸಾಲು ಮೆಹಬೂಬಿ ಸಾಲಿನ ಮಗ್ಗಲಕ. ನಾ ಬೈದು ಬ್ಯಾರೆ ಕಡೆ ಹಾಕಾಕ ಹೋದ್ರ ಮೆಹಬೂಬಿ, "ಇರ್ಲಿ ಬಿಡ್ರಿ, ಹುಡುಗಿ ಮಾತಾಡಿದ್ರ ನನಗ ಹೊತ್ತು ಹೋಗತೈತಿ" ಅಂದ್ಲು. ಇಪ್ಪತ್ತೈದು ಮಂದಿ ಒಳಗ ಆ ಪೋರಿ ಮಾತು ಬೇಕು ಅಂದಾಕಿ ಈಕಿ ಒಬ್ಬಾಕೀನ.

ಆ ಹಂಗಾಮಿನ್ಯಾಗ ನಾ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ ಕೊಟ್ಟೆ. ಮೆಹಬೂಬಿಗೆ ಬಿಳಿ, ಉಚ್ಚಂಗೆವ್ವಗ ಹಳದಿ. ದಾರದ ಉಂಡಿ ಎಲ್ಲಾ ಒಂದ ಡಬ್ಬ್ಯಾಗ ಇರತಿದ್ದುವು, ತಮ್ಮ ತಮ್ಮ ಬಣ್ಣ ನೋಡಿ ತಗೋಬೇಕು. ತಮ್ಮ ಸಾಲು ಮುಗದ್ರ ಇನ್ನೊಬ್ಬರ ಸಾಲಿಗೆ ಕೈ ಹಚ್ಚೋದು ನಮ್ಮಲ್ಲಿ ಪದ್ಧತಿ. ಹಿಂಗಾಗಿ ಸಾಲು ಯಾರದರ ಇರ್ಲಿ, ಹಣ್ಣಿನ ತೊಟ್ಟಿನ್ಯಾಗ ದಾರ ಯಾರದೋ ಅವರ ಬುಟ್ಟಿಗೆ. ಒಬ್ಬೊಬ್ಬರ ಬೀಜ ಬ್ಯಾರೆ ಬ್ಯಾರೆ ತಗದು, ಬ್ಯಾರೆ ಬ್ಯಾರೆ ಟ್ರೇದಾಗ ಹಾಕಿ ನೋಡೋದು. ಭಾಳ ಶಾಣ್ಯಾತನದ ಕೆಲಸ ಮಾಡೇನಿ ಅಂತ ನನಗ ನಾನ ಬೆನ್ನು ತಟ್ಟಿಕೊಂಡಿದ್ದೆ.

ಒಂದು ಮಧ್ಯಾಹ್ನ ಚಹಾದ ಹೊತ್ತಿನ್ಯಾಗ ನೋಡತೇನಿ, ಮೆಹಬೂಬಿ ಮೊಣಕಾಲ ಕೆಳಗ ದೊಡ್ಡ ಪೆಟ್ಟು. ಸುತ್ತ ಹಸರು ತಿರುಗಿತ್ತು. "ಏನಾತ್ರಿ?" ಅಂದೆ. "ಬದುವು ಎಡವಿ ಬಿದ್ದೆ, ವಾರ ಆತು" ಅಂದ್ಲು. ದಿನಾ ದಾಟೋ ಬದುವನ್ನ ಯಾಕ ಎಡವಿದ್ಲು ಅಂತ ಕೇಳೋ ಬುದ್ಧಿ ನನಗ ಬರಲಿಲ್ಲ. ಓದಿದ್ದು ತೋರಸೋ ಹುಕಿ ಬಂತು ನೋಡ್ರಿ, ಪಾಠ ಸುರು ಮಾಡಿದೆ.

"ಮೆಹಬೂಬಕ್ಕ, ಈ ಹಸರು ಎಲ್ಲಿಂದ ಬಂತು ಗೊತ್ತೇನು? ರಕ್ತದ ಕೆಂಪಿಗೆ ಹೀಮ್ ಅಂತಾರ. ಪೆಟ್ಟು ಬಿದ್ದಲ್ಲಿ ರಕ್ತ ಚೆಲ್ಲಿರತೈತಲ್ಲ, ಅದರಾಗಿನ ಹೀಮನ್ನ ಮೈ ಒಡದು ಹಸರು ಮಾಡತೈತಿ, ಆಮ್ಯಾಲೆ ಹಳದಿ ಮಾಡಿ ಹೊರಗ ಹಾಕತೈತಿ. ಗಿಡಕ್ಕ ರಕ್ತ ಇಲ್ಲ, ಖರೆ. ಆದ್ರ ಅದರ ಒಳಗೂ ಚೂರು ಹೀಮ್ ಐತಿ. ಗಿಡಾನೂ ಅದನ್ನ ಒಡದು ಅದ ಹಸರು ಮಾಡತೈತಿ. ಆದ್ರ ಹೊರಗ ಹಾಕಂಗಿಲ್ಲ. ಅದರಿಂದ ಬೆಳಕು ಗುರುತು ಹಿಡಿಯೋ ಒಂದು ಬಣ್ಣ ಮಾಡಿಕೋತೈತಿ. ಅದು ಗಿಡದ ಕಣ್ಣು ಇದ್ದಂಗ."

"ಮತ್ತ ಈ ಚಾಡಿಗಿಡ?"

"ಇದಕ್ಕ ಆ ಒಡಿಯೋ ಕೆಲಸ ಬರಂಗಿಲ್ಲ. ಪೂರಾ ಬರಂಗಿಲ್ಲಂತಲ್ಲ, ಭಾಳ ಕಡಿಮಿ. ಮೇಡಂ ಹೇಳಿದ್ರು, ಹೋದ ವರ್ಷನ ಇದು ಗೊತ್ತಾಗೇತಂತ. ಕಣ್ಣು ತಯಾರಾಗಲಿಲ್ಲ, ಹಂಗಾಗಿ ಬಿಸಿಲಾಗ ನಿಂತ್ರೂ ಇನ್ನೂ ಮಣ್ಣಿನೊಳಗ ಕತ್ತಲದಾಗ ಅದೇನಿ ಅಂತ ತಿಳಕೋತೈತಿ. ಬೆಳಕು ಹುಡಿಕ್ಕೋತ ಉದ್ದಕ ಏರತೈತಿ. ಒಡೀಲಾರದ ಹೀಮ್ ಒಳಗ ಉಳದು, ಎಲಿ ಹಸರು ಮಾಡೋ ಕೆಲಸಾನೂ ಜಗ್ಗಿ ಹಿಡೀತೈತಿ. ಅದಕ್ಕ ಹಳದಿ."

ಮೆಹಬೂಬಿ ತನ್ನ ಕಾಲಿನ ಹಸರಿನ ಮ್ಯಾಲೆ ಕೈ ಇಟ್ಟುಕೊಂಡು ಕುಂತಿದ್ಲು. "ಯಾ ಅಲ್ಲಾ, ಬಿಸಿಲಾಗ ನಿಂತು ಕತ್ತಲಾ ಅಂತೈತೇನು" ಅಂದ್ಲು. ಅದನ್ನ ಸವರಿಕೋತ, "ಅದಕ್ಕ ಯಾರರ ಹೇಳಿದ್ರ ತಿಳೀತಿತ್ತೇನೋ" ಅಂದ್ಲು. ಗಿಡಕ್ಕ ಯಾರು ಹೇಳತಾರ ಅಂತ ನಾ ನಕ್ಕುಬಿಟ್ಟೆ.

ಹಂಗಾಮಿನ ಕಡೇ ಹದಿನೈದು ದಿವಸ ಬರೇ ಮೋಡ. ಹಣ್ಣು ಬಿಡಿಸಿದಾಗ ನೋಡಿದ್ರ ಮೆಹಬೂಬಿ ಬುಟ್ಟಿ ಅರ್ಧ ಖಾಲಿ, ಉಚ್ಚಂಗೆವ್ವನ ಬುಟ್ಟಿ ತುಂಬಿ ಚೆಲ್ಲಾಕತ್ತಿತ್ತು. "ನೋಡಿ ಕಲೀರಿ, ನಿನ್ನೆ ಮೊನ್ನೆ ಬಂದ ಹುಡುಗಿ!" ಅಂತ ಎಲ್ಲಾರ ಮುಂದ ಹೊಗಳಿದೆ. ಮೆಹಬೂಬಿಗೆ ವಯಸ್ಸಾತು ಅಂತ ಒಳಗೊಳಗ ಅಂದುಕೊಂಡೆ.

ಬೀಜ ಒಣಗಿಸಿ, ನೂರು ನೂರು ಎಣಿಸಿ ಟ್ರೇದಾಗ ಹಾಕಿದೆ. ನೂರಕ್ಕ ಎರಡು ಹಳದಿ ಬಂದ್ರ ನಾವು ಮಾತಾಡತಿದ್ದಿಲ್ಲ. ಬಿಳಿ ದಾರದ ಟ್ರೇದಾಗ ಒಂದ ಒಂದು ಹಳದಿ. ಉಚ್ಚಂಗೆವ್ವನ ಟ್ರೇದಾಗ ಹದಿನಾರು. ನನ್ನ ತಲಿ ಕೆಟ್ಟು ಹೋತು. ಹೊಗಳಿದ ಬಾಯಿ ನಂದ, ಮಾಲಕರ ಮುಂದ ಮಾರಿ ಹೋಗೋದೂ ನಂದ. ಎತ್ತು ಈಯಿತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದ್ರಂತ, ಆ ಜಾತಿಯಂವ ನಾ. ವಿಚಾರಣಿ ಇಲ್ಲ, ಏನಿಲ್ಲ. ಶನಿವಾರ ಹುಡುಗೀನ ಕರದು, ಇಪ್ಪತ್ತೈದು ಮಂದಿ ಮುಂದ ಆ ಟ್ರೇ ಮಾರಿಗೆ ಹಿಡದೆ.

"ಹೂವಿನ ಸಂಖ್ಯೆ ಏರಸಾಕ ಮೊಗ್ಗು ಸುಮ್ಮ ಮುಟ್ಟಿ ದಾರ ಕಟ್ಟೀಯಲ್ಲ? ಕಳ್ಳಿ! ಬಾಯಿ ನಡದಷ್ಟು ಕೈ ನಡೀಲಿಲ್ಲ. ಸೋಮವಾರ ಮಾಲಕರು ಬರತಾರ, ನಿನ್ನ ಹೆಸರು ತಗಸತೇನಿ."

"ನನ್ನ ಮಗನಾಣಿ ಅನ್ನಾಕ ನನಗ ಮಗನೂ ಇಲ್ರಿ. ನಾ ಸುಮ್ಮ ಕಟ್ಟಿಲ್ಲ" ಅಂದು ಹುಡುಗಿ ಅತ್ತ್ಲು. ಕಳ್ಳಿ ಅನಿಸಿಕೊಂಡು ಗಂಡನ ಮನಿಗೆ ಹೆಂಗ ಹೋಗಲಿ ಅಂದ್ಲು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ನಾ ಒಡದಾಗಿತ್ತು. ಮೆಹಬೂಬಿ ಹಿಂದ ಗೋಡಿಗೆ ಆತು ನಿಂತಿದ್ಲು.

ಮರುದಿನ ರವಿವಾರ. ನರ್ಸರಿಗೆ ನೀರು ಹೊಡಿಯಾಕ ನಾ ಒಬ್ಬನ ಹೋಗಿದ್ದೆ. ಮುಂಜಾನಿ ಒಂಬತ್ತರ ಬಿಸಿಲು ಚಲೋ ಬಿದ್ದಿತ್ತು. ಮೆಹಬೂಬಿ ಬೇಲಿ ಹಿಡಕೊಂಡು, ಹಿಡಕೊಂಡು ಬಂದ್ಲು. "ಆ ಟ್ರೇ ಎಲ್ಲೈತ್ರಿ? ಉಚ್ಚಂಗಿದು" ಅಂದ್ಲು. ಟ್ರೇ ಆಕಿ ಮುಂದ, ಎರಡು ಮಾರು ದೂರ ಇತ್ತು. ಹಳದಿ ದಾರ ಮ್ಯಾಲೆ ಕಟ್ಟಿತ್ತು.

"ಅಲ್ಲೇ ಐತಲ್ಲ, ಕಾಣಂಗಿಲ್ಲೇನು?" ಅಂದೆ, ನನ್ನ ಹೊಲಸು ಬಾಯಿಲೆ.

ಆಕಿ ಮುಂದ ಬಂದು ಕುಂತು, ಟ್ರೇದ ಅಂಚು ಹುಡುಕಿ, ಬಲಗೈ ಅಂಗೈ ಅಗಲಿಸಿ ಸಸಿಗಳ ಮ್ಯಾಲೆ ಹಗೂರಕ ಆಡಿಸಿದ್ಲು. ಮಲಗಿದ ಕೂಸಿನ ತಲಿ ಸವರಿದಂಗ. ಒಂದು ಕಡೆ ಕೈ ನಿಂತಿತು. ಎರಡು ಬೆರಳಿಂದ ಒಂದು ಸಸಿ ಹಿಡದು, "ಒಂದು" ಅಂದ್ಲು. ಹಳದಿ. ಮತ್ತ ಕೈ ಹೋತು, ನಿಂತಿತು. "ಎರಡು." ಅದೂ ಹಳದಿ. ಹಳದಿ ಸಸಿ ಉಳಿದವಕ್ಕಿಂತ ಉದ್ದ ಇರತಾವ ಅಂತ ನಾನ ಹೇಳಿದ್ದೆ. ಆಕಿ ಬಣ್ಣ ನೋಡತಿದ್ದಿಲ್ಲ. ಅಂಗೈಗೆ ಹತ್ತೋ ಉದ್ದ ನೋಡತಿದ್ಲು. ಆಕಿ ಕಣ್ಣು ಟ್ರೇದ ಕಡೆ ಇರಲೇ ಇಲ್ಲ, ನನ್ನ ಹಿಂದ ಎಲ್ಲೋ ಇದ್ದುವು. ನಾ ನೀರಿನ ಪೈಪು ಕೆಳಗಿಟ್ಟು ಆಕಿ ಎದುರಿಗೆ ಕುಂತೆ.

"ಹದಿನೇಳು" ಅಂದು ಕೈ ತಗದ್ಲು.

"ಹದಿನಾರು ಅದಾವ" ಅಂದೆ. ಎಣಿಸಿ ನೋಡಿದೆ. ಮೂಲ್ಯಾಗ ಎರಡು ಹಸರು ಸಸಿ ನಡುವ ಒಂದು ಹಳದಿ ಬಾಗಿ ನಿಂತಿತ್ತು. ಎರಡು ಕಣ್ಣಿದ್ದ ನಾ ಅದನ್ನ ಬಿಟ್ಟಿದ್ದೆ.

"ಅವು ನನ್ನವು" ಅಂದ್ಲು ಮೆಹಬೂಬಿ. "ಉಚ್ಚಂಗಿವಲ್ಲ. ಆ ಮೋಡದ ದಿವಸದಾಗ ಡಬ್ಬಿಯಿಂದ ದಾರ ತಗೊಂಡಾಕಿ ನಾ. ಬಿಳಿ ಅಂತ ತಗೊಂಡೆ. ನನಗ ಬಿಳಿ, ಹಳದಿ ಎರಡೂ ಒಂದ ಆಗ್ಯಾವ. ಆ ಹೂವಿನ್ಯಾಗ ಗಂಡಿನ ಚೂರು ಉಳದಿದ್ದೂ ನನಗ ಕಂಡಿಲ್ಲ. ಆಕಿ ಬುಟ್ಟಿ ತುಂಬಿದಾಗನ ನನಗ ಅನುಮಾನ ಬಂತು. ಹೇಳಲಿಲ್ಲ. ನಿನ್ನೆ ಹುಡುಗಿ ಅಳೋವಾಗೂ ಹೇಳಲಿಲ್ಲ."

"ಎಷ್ಟು ದಿವಸದಿಂದ ಹಿಂಗ?"

"ಎರಡು ವರ್ಷ. ಕಣ್ಣಿನ ಕ್ಯಾಂಪಿಗೆ ಹೋಗಿದ್ದೆ. ಪೊರಿ ಇದ್ರ ತಗೀತಿದ್ವಿ, ಇದು ಪೊರಿ ಅಲ್ಲ, ಹಿಂದಿನ ನರಾನ ಒಣಗಾಕತ್ತೇತಿ ಅಂದ್ರು. ಕಣ್ಣು ಚಲೋ ಅದಾವಂತ, ಬೆಳಕೂ ಒಳಗ ಬೀಳತೈತಂತ. ಇದಕ್ಕ ಔಷಧ ಇಲ್ಲಂತ."

ನನಗ ಸಿಟ್ಟು ಬಂತು. ಯಾರ ಮ್ಯಾಲೆ ಅಂತ ಗೊತ್ತಾಗಲಿಲ್ಲ. "ಮೊದಲ ಹೇಳಬಾರದೇನ್ರಿ? ಬ್ಯಾರೆ ಕೆಲಸ ಕೊಡತಿದ್ದೆ!" ಅಂತ ಒದರಿದೆ.

"ಹೇಳಿದ್ರ ಮನ್ಯಾಗ ಕುಂದ್ರಬೇಕಾಗತಿತ್ತು ಸೋಮಣ್ಣಾರ. ಆ ಮನ್ಯಾಗ ಕುಂತ್ರ ನನಗ ಅಂಜಿಕಿ ಬರತೈತಿ. ಸಾಲಿನ್ಯಾಗ ಆ ಹುಡುಗಿ ಮಾತಾಡತಿತ್ತು. ಆಕಿ ದನಿ ಹಿಡಕೊಂಡು ನಾ ನಡೀತಿದ್ದೆ. ಸಾಲು ಎಲ್ಲಿ ಮುಗೀತು, ಎಲ್ಲಿ ತಿರುಗಬೇಕು, ಎಲ್ಲಾ ಆಕಿ ದನಿ ಹೇಳತಿತ್ತು. ಪಾಪ, ಅದಕ್ಕ ಗೊತ್ತ ಇಲ್ಲ. ಅಂಥಾ ಹುಡುಗೀನ ಕಳ್ಳಿ ಮಾಡಿ ನಾ ಎಲ್ಲಿಗೆ ನಡೀಲಿ?"

ನಾ ಒಂದು ಹುಚ್ಚು ಮಾತಾಡಿದೆ. ಈ ಹದಿನೇಳೂ ಈಗ ಕಿತ್ತ ಒಗದುಬಿಡತೇನಿ, ಯಾರಿಗೂ ಗೊತ್ತಾಗಂಗಿಲ್ಲ, ಇಬ್ಬರೂ ಉಳೀರಿ ಅಂದೆ. ಆಕಿ ಒಪ್ಪಲಿಲ್ಲ. "ಮುಂದಿನ ಹಂಗಾಮಿಗೆ ಮೂವತ್ತು ಬರತಾವ. ಆವಾಗ ಯಾರ ದಾರ ಕಟ್ಟಿರತೇನೋ ಏನೋ" ಅಂದ್ಲು.

ಸೋಮವಾರ ಅಂದಾನೆಪ್ಪನವರ ಮುಂದ ಎಲ್ಲಾರೂ ಕೇಳೂಹಂಗ ಮೆಹಬೂಬಿ ತಾನ ಹೇಳಿದ್ಲು. ನಾನೂ ಹುಡುಗಿ ಮುಂದ ಕೈ ಮುಗದೆ. ತಪ್ಪಾತವ್ವ ಅಂದೆ. ಮಾಲಕರು ಕೆಟ್ಟವರಲ್ಲ. ಕಳೆ ತಗಿಯಾಕರ ಇರು ಅಂದ್ರು. "ಕಳೆ ಯಾವುದು, ಬೆಳಿ ಯಾವುದು ಅಂತ ಯಾರು ಹೇಳಬೇಕ್ರಿ ನನಗ?" ಅಂದ್ಲು ಆಕಿ. ಅದು ಖರೇನ ಇತ್ತು. ಉಚ್ಚಂಗೆವ್ವ ಆಕಿ ಕೈ ಹಿಡದು ಅತ್ತು, "ದಿನಾ ಸಂಜೀಕೆ ಬರತೇನಿ ಬೂಬಮ್ಮ" ಅಂದ್ಲು. ನಾನೂ ಬರತೇನಿ ಅಂದೆ.

ಹೋಗೋವಾಗ ಮೆಹಬೂಬಿ ಕೇಳಿದ್ಲು, "ಆ ಹದಿನೇಳು ಏನ್ ಮಾಡತೀರಿ?"

"ಏನ್ ಮಾಡೋದು? ಕಿತ್ತ ಒಗೀತೇವಿ."

"ನನಗ ಕೊಡ್ರಿ."

ಮಣ್ಣು ಸಮೇತ ತಗದು ಒದ್ದಿ ಗೋಣಿಚೀಲದ ತುಂಡಿನ್ಯಾಗ ಸುತ್ತಿ ಕೊಟ್ಟೆ. ಸೆರಗಿನ್ಯಾಗ ಹಾಕಿಕೊಂಡು ಬೇಲಿ ಹಿಡಕೊಂಡು ಹೋದ್ಲು.

ನಾ ಹೋಗಿದ್ದು ನಾಕು ತಿಂಗಳ ಮ್ಯಾಲೆ. ಚಳಿಗಾಲದ ಕ್ರಾಸಿಂಗ್ ಇತ್ತು, ಆಮ್ಯಾಲೆ ಬೀಜ ತಗಿಯೋದಿತ್ತು, ನನ್ನ ಮದುವಿ ಮಾತುಕತಿ ಇತ್ತು. ನೆವಕ್ಕೇನು ಬರ. ಏಪ್ರಿಲ್ ಮಧ್ಯಾಹ್ನ, ಬಿಸಿಲು ಧಗಧಗ. ಟೇಲರನ ಮನಿ ಹಿಂದಿನ ಅಂಗಳದಾಗ ಹಳದಿ ಗಿಡಗಳು ಕೋಲಿಗೆ ಕಟ್ಟಿಸಿಕೊಂಡು ನಿಂತಿದ್ದುವು. ಸಣ್ಣ ಸಣ್ಣ ಹಣ್ಣೂ ಹಿಡದಿದ್ದುವು. ಮೆಹಬೂಬಿ ಹೊಸ್ತಿಲದಾಗ ಕುಂತಿದ್ಲು.

"ಸೋಮಣ್ಣಾರ" ಅಂದ್ಲು, ನಾ ಬಾಯಿ ತಗಿಯೋಕಿಂತ ಮೊದಲ. "ನಿಮ್ಮ ಬಲಗಾಲ ಚಪ್ಪಲಿ ಎಳೀತೈತಿ. ಕುಂದ್ರಿ."

ಈಗ ಹಗಲು ರಾತ್ರಿ ಅಷ್ಟ ತಿಳೀತೈತಿ ಅಂದ್ಲು. ಅದೂ ಬಿಸಿಲು ಮೈಗೆ ಹತ್ತಿದ್ರ. ಉಚ್ಚಂಗೆವ್ವ ಬರತಾಳೇನು ಅಂತ ಕೇಳಿದೆ. ಮೊದಲ ಎಂಟು ದಿವಸ ಬಂದ್ಲಂತ. ಆಮ್ಯಾಲೆ ಆಕೀಗೆ ದಿನ ನಿಂತು ತವರಿಗೆ ಹೋಗ್ಯಾಳಂತ. "ಚಲೋ ಆತು, ಕೂಸಿಗೂ ಅದ ಬಾಯಿ ಬರಲಿ" ಅಂದು ನಕ್ಕ್ಲು. ಬಾಜೂ ಮನಿಯವರು ರೇಡಿಯೊ ಬಿಟ್ಟು ಟೀವಿ ತಂದಾರ, ಅದನ್ನ ಒಳಗಿನ ಖೋಲ್ಯಾಗ ಇಟ್ಟಾರ, ಕೇಳಸಂಗಿಲ್ಲ ಅಂದ್ಲು. ಇಷ್ಟು ಹೇಳಿ, ನಾ ಏನೂ ಕೇಳದಿದ್ರೂ ತಾನ ಅಂದ್ಲು: "ಒಬ್ಬಾಕೀಗೆ ಭಾಳ ಬ್ಯಾಸರ ಆಗತೈತ್ರಿ."

ಗಿಡಕ್ಕ ದಿನಾ ಮುಂಜಾನಿ ಮಾತಾಡಸತಾಳಂತ. "ಹೊತ್ತು ಹೊಂಟೇತಿ, ಬಿಸಿಲು ಬಿದ್ದೇತಿ, ಬೆಳಕದಾಗ ಅದೀರಿ, ಅಂಜಬ್ಯಾಡ್ರಿ ಅಂತ ಹೇಳತೇನಿ. ಅವಕ್ಕ ತಿಳಿಯಂಗಿಲ್ಲ ಅಂತ ನೀವ ಹೇಳಿದ್ರಿ. ಆದ್ರ ಹೇಳಾಕ ಏನು, ನನಗೂ ಒಂದು ಮಾತು ಆಡಿದಂಗ ಆಗತೈತಿ." ಹದಿನೇಳರಾಗ ಹದಿನಾಕು ಬದುಕಿದ್ದುವು. ನಾಕು ಹಣ್ಣು ಹುಡುಕಿ ಬಿಡಿಸಿ ನನ್ನ ಕೈಯಾಗ ಇಟ್ಲು. ಒಂದೂ ಕಾಯಿ ಇರಲಿಲ್ಲ.

ಹೊತ್ತಾತು, ಬರತೇನಿ ಅಂತ ಎದ್ದೆ. ಗೇಟಿನ ತನಕ ಹೋಗಿದ್ದೆ, ಹಿಂದಿಂದ ಕರದ್ಲು.

"ಸೋಮಣ್ಣಾರ, ಒಂದು ಮಾತು. ಮಾತಾಡಿಕೋತ ಹೋಗ್ರಿ. ಓಣಿ ತಿರುವಿನ ತನಕ ದನಿ ಇಲ್ಲಿಗೆ ಕೇಳಸತೈತಿ."

ಏನ್ ಮಾತಾಡಲಿ ಅಂದೆ. ಏನರ ಮಾತಾಡ್ರಿ ಅಂದ್ಲು.

ನಾ ಓಣಿಗುಂಟ ದೊಡ್ಡ ದನೀಲೆ ಮಾತಾಡಿಕೋತ ಹೊಂಟೆ. ಈ ಸಲ ಹೂವು ಚಲೋ ಬಿಟ್ಟಿದ್ದುವು ಮೆಹಬೂಬಕ್ಕ, ನಿಮ್ಮ ಸಾಲಿಗೆ ಈಗ ಮೂರು ಮಂದಿ ಹಾಕೇನಿ, ಮೂರೂ ಮಂದಿ ಸೇರಿ ನಿಮ್ಮಷ್ಟು ಮಾಡಂಗಿಲ್ಲ, ಐರಣಿ ಹೊಳಿಯಾಗ ನೀರು ಕಡಿಮಿ ಆಗೇತಂತ, ಬ್ಯಾಡಗಿಯಾಗ ಮೆಣಸಿನಕಾಯಿ ಘಾಟಿಗೆ ಊರೆಲ್ಲಾ ಸೀನಾಕತ್ತೇತಿ. ಕಟ್ಟಿ ಮ್ಯಾಲೆ ಕುಂತ ಮಂದಿ ಈ ಮನಶಾಗ ಹುಚ್ಚು ಹಿಡದೈತೇನು ಅಂತ ನನ್ನ ಮಾರಿ ನೋಡಿದ್ರು. ತಿರುವಿಗೆ ಬಂದು ನಿಂತೆ. ಮುಂದ ಹೋದ್ರ ದನಿ ಕೇಳಸಂಗಿಲ್ಲ. ಬಸ್ಸು ಹೋದ್ರ ಹೋಗಲಿ ಅಂತ ಅಲ್ಲೇ ನಿಂತು ಮಾತಾಡಿದೆ.